ಕಡಲು ತಂದ ಹೆಣಕ್ಕೆ ಯಾರು ಹೊಣೆ?

ಇಂಗ್ಲೆಂಡಿನ ಕಾರ್ನ್‌ವಾಲ್‌ನ ಉತ್ತರ ಅಂಚಿನಲ್ಲಿ ಮಾರ್ವೆನ್‌ಸ್ಟೋ ಅನ್ನುವ ಹಳ್ಳಿ ಇದೆ. ಅಲ್ಲಲ್ಲಿ ಚದುರಿದ ಹೊಲಮನೆಗಳು, ಒಂದು ಹಳೆಯ ಚರ್ಚು, ಅದರಾಚೆ ಕಡಿದಾದ ಬಂಡೆ, ಕೆಳಗೆ ಅಟ್ಲಾಂಟಿಕ್. ಬಿರುಗಾಳಿಗೆ ಸಿಕ್ಕ ಹಡಗು ಇಲ್ಲಿ ಉಳಿಯುವುದು ಕಷ್ಟ. ಆಗ ದಡಕ್ಕೆ ಬಂದ ಮರ, ಹಗ್ಗ, ಪೀಪಾಯಿಗೆ ವಾರಸುದಾರರು ಜಾಸ್ತಿ ಇದ್ದರು. ಹೆಣಕ್ಕೆ ಯಾರೂ ಇರಲಿಲ್ಲ.

ಮೊದಲೆಲ್ಲ ಅಂಥ ಹೆಣವನ್ನು ಸಿಕ್ಕಲ್ಲೇ ಹೂಳುತ್ತಿದ್ದರು. ಸತ್ತವನು ಕ್ರೈಸ್ತನೋ ಅಲ್ಲವೋ ಯಾರಿಗೆ ಗೊತ್ತು ಅನ್ನುವುದು ನೆಪ. ಖರ್ಚು ಉಳಿಯುತ್ತಿತ್ತು, ಅದೂ ಇತ್ತಲ್ವಾ! 1807ರ ಡಿಸೆಂಬರ್‌ನಲ್ಲಿ ದಕ್ಷಿಣ ಕಾರ್ನ್‌ವಾಲ್‌ನ ಲೋ ಬಾರ್ ಬಳಿ ನೌಕಾಪಡೆಯ ಆನ್ಸನ್ ಹಡಗು ಒಡೆಯಿತು. ಸತ್ತವರನ್ನು ಪೆಟ್ಟಿಗೆ, ಪ್ರಾರ್ಥನೆ ಏನೂ ಇಲ್ಲದೆ ಹೂತದ್ದು ಜನರನ್ನು ಕೆರಳಿಸಿತು. ಥಾಮಸ್ ಗ್ರಿಲ್ಸ್ ಎಂಬ ವಕೀಲರು ಕರಡು ಬರೆದರು, 1808ರಲ್ಲಿ ಕಾನೂನು ಬಂತು. ಕಡಲು ತಂದ ಹೆಣವನ್ನು ಆ ಪ್ಯಾರಿಷ್‌ನವರೇ, ಅಂದರೆ ಅಲ್ಲಿನ ಚರ್ಚಿನ ವ್ಯಾಪ್ತಿಯ ಊರಿನವರೇ, ಚರ್ಚಿನ ಸ್ಮಶಾನದಲ್ಲಿ ಮಣ್ಣು ಮಾಡಬೇಕು. ಖರ್ಚು ಜಿಲ್ಲೆಯದು. ಸುದ್ದಿ ಕೊಟ್ಟವರಿಗೆ 5 ಶಿಲ್ಲಿಂಗ್.

ಕಾನೂನೇನೋ ಬಂತು, ಮಾಡುವವರು ಬೇಕಲ್ಲ. ಮಾರ್ವೆನ್‌ಸ್ಟೋದಲ್ಲಿ ಸುಮಾರು ನೂರು ವರ್ಷ ಪಾದ್ರಿ ಊರಲ್ಲಿ ನೆಲೆಸಿಯೇ ಇರಲಿಲ್ಲ. 1834ರಲ್ಲಿ ನೇಮಕವಾದ ರಾಬರ್ಟ್ ಸ್ಟೀಫನ್ ಹಾಕರ್ ಅಲ್ಲೇ ಮನೆ ಕಟ್ಟಿದರು. ತಾವು ಬಲ್ಲ ಚರ್ಚುಗಳ ಗೋಪುರಗಳಂತೆ ಆ ಮನೆಯ ಹೊಗೆಗೂಡುಗಳನ್ನು ಮಾಡಿಸಿದ ವಿಚಿತ್ರ ಮನುಷ್ಯ. ಬಿರುಗಾಳಿ ನಿಂತ ಮೇಲೆ ಜನರನ್ನು ಕರೆದುಕೊಂಡು ಬಂಡೆ ಇಳಿಯುತ್ತಿದ್ದರು. ಛಿದ್ರವಾದ ಹೆಣ ಎತ್ತಲು ಹಿಂಜರಿದವರಿಗೆ ಒಂದು ಗುಟುಕು ಜಿನ್ ಕೊಡುತ್ತಿದ್ದರಂತೆ. 1842ರ ಸೆಪ್ಟೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಆರ್ಬ್ರೋತ್‌ನ ಕ್ಯಾಲೆಡೋನಿಯಾ ಹಡಗು ಮುಳುಗಿದಾಗ ಬದುಕಿದ್ದು ಒಬ್ಬನೇ. ಉಳಿದವರನ್ನು ಹೂತ ಜಾಗದಲ್ಲಿ ಹಡಗಿನ ಮೂತಿಯ ಬೊಂಬೆಯನ್ನೇ ನಿಲ್ಲಿಸಿದರು. ಕತ್ತಿ, ಗುರಾಣಿ ಹಿಡಿದ ಆ ಹೆಂಗಸಿನ ಬೊಂಬೆ ಈಗ ಚರ್ಚಿನ ಒಳಗಿದೆ. ಹೊರಗಿರುವುದು ನಕಲು. 1875ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಹಾಕರ್ 40ಕ್ಕೂ ಹೆಚ್ಚು ನಾವಿಕರನ್ನು ಮಣ್ಣು ಮಾಡಿದ್ದರು.

ಇದೇ ಕಾಲದಲ್ಲಿ ಪ್ಯಾರಿಷ್‌ನ ಹಳೆಯ ಕೆಲಸಗಳು ಒಂದೊಂದಾಗಿ ಕೈತಪ್ಪುತ್ತಿದ್ದವು. 1834ರ ಕಾನೂನಿನ ನಂತರ ಬಡವರ ಪೋಷಣೆ ಹಲವು ಪ್ಯಾರಿಷ್‌ಗಳ ಒಕ್ಕೂಟಗಳಿಗೆ ಹೋಯಿತು. ಕಡಲ ಹೆಣ ಮಾತ್ರ ಪ್ಯಾರಿಷ್‌ನ ತಲೆಮೇಲೇ ಉಳಿಯಿತು.

ಆದರೆ 1808ರ ಕಾನೂನು ಹೇಳಿದ್ದು ಸಮುದ್ರದ ಮಾತು. 1878ರಲ್ಲಿ ಥೇಮ್ಸ್ ನದಿಯಲ್ಲಿ ಪ್ರಿನ್ಸೆಸ್ ಆಲಿಸ್ ಹಡಗು ಮುಳುಗಿ 600ಕ್ಕೂ ಹೆಚ್ಚು ಜನ ಸತ್ತಾಗ, ಹೂಳುವ ಖರ್ಚಿನ ಜಗಳ ಕೋರ್ಟಿಗೆ ಹೋಯಿತು. ನದಿಯ ಹೆಣಕ್ಕೆ ಈ ಕಾನೂನು ಸಲ್ಲದು ಎಂದಿತು ಕೋರ್ಟು. 1886ರ ತಿದ್ದುಪಡಿಯಲ್ಲಿ ನದಿಯೂ ಸೇರಿತು.