ಹುಳ ಊಟವಲ್ಲ, ಗೊಬ್ಬರ

ಆಷಾಢ ಕಳೆಯುತ್ತಿದ್ದಂತೆ ನಮ್ಮ ನರ್ಸರಿಗೆ ಒಂದು ಬಗೆಯ ರೋಗಿಗಳು ಬರತೊಡಗುತ್ತವೆ. ಐಸ್‌ಕ್ರೀಂ ಡಬ್ಬಿಯಲ್ಲಿ ಕಪ್ಪಾಗಿ ಮುದುಡಿದ ಡ್ರಾಸೆರಾ ಎಂಬ ಹುಳ ಹಿಡಿಯುವ ಪುಟ್ಟ ಗಿಡ, ಬುಡದಲ್ಲಿ ಬೊಗಸೆ ತುಂಬ ಕೊಟ್ಟಿಗೆ ಗೊಬ್ಬರ, ಎಲೆಯ ಮೇಲೆ ಯಾರೋ ಹೊಡೆದು ಹಾಕಿದ ನೊಣ. "ಇಷ್ಟು ಚೆನ್ನಾಗಿ ನೋಡಿಕೊಂಡೆವು, ಆದರೂ ಸತ್ತುಹೋಯಿತಲ್ಲ ಸಾರ್" ಎನ್ನುತ್ತಾರೆ. ಚೆನ್ನಾಗಿ ನೋಡಿಕೊಂಡದ್ದರಿಂದಲೇ ಸತ್ತಿತು ಎಂದು ಪ್ರತಿವರ್ಷ ಹೇಳುತ್ತೇನೆ. ಮರುವರ್ಷ ಡಬ್ಬಿ ಮತ್ತೆ ಬರುತ್ತದೆ, ಗೊಬ್ಬರ ಮಾತ್ರ ಎರೆಹುಳುವಿನದಾಗಿರುತ್ತದೆ.

ಈ ಗಿಡ ಹುಳ ತಿಂದು ಬದುಕುತ್ತದೆ ಎನ್ನುವ ನಂಬಿಕೆಯೇ ಎಲ್ಲದಕ್ಕೂ ಮೂಲ. ಕೀಟಾಹಾರಿ ಗಿಡದ ಎಲೆಯಲ್ಲೂ ಪತ್ರಹರಿತ್ತು ಇದೆ. ನಿಮ್ಮ ಅಂಗಳದ ದಾಸವಾಳ ಹೇಗೋ ಹಾಗೆಯೇ ಅದು ಬಿಸಿಲು, ನೀರು, ಗಾಳಿಯಿಂದ ತನ್ನ ಆಹಾರ ತಯಾರಿಸಿಕೊಳ್ಳುತ್ತದೆ. ಹುಳದಿಂದ ಅದಕ್ಕೆ ಬೇಕಾದದ್ದು ಸಾರಜನಕ, ರಂಜಕ. ನೀವು ಅಡಿಕೆ ಮರದ ಬುಡಕ್ಕೆ ಕೊಡುವುದು ಏನೋ, ಅದೇ. ಹುಳದ ಇಂಗಾಲವೂ ಒಂದಿಷ್ಟು ಒಳಗೆ ಸೇರುತ್ತದೆ, ಎಲ್ಲ ಜಾತಿಗೂ ಒಂದೇ ಲೆಕ್ಕವಿಲ್ಲ ಎಂಬುದು ನಿಜ. ಆದರೆ ಬದುಕು ನಿಂತಿರುವುದು ಬಿಸಿಲಿನ ಮೇಲೆ.

ಗೊಬ್ಬರವೇ ಬೇಕಿದ್ದರೆ ನಾವು ಹಾಕಿದ್ದರಲ್ಲಿ ತಪ್ಪೇನು ಎಂದು ಇಲ್ಲಿ ಕೇಳಿಯೇ ಕೇಳುತ್ತಾರೆ. ಅದು ಬೆಳೆಯುವ ಜಾಗ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿದ ಮಳೆ. ಜಂಬಿಟ್ಟಿಗೆ ಹಾಸಿನ ಮೇಲಿನ ತೆಳುವಾದ ಮಣ್ಣಿನ ಸಾರವೆಲ್ಲ ತೊಳೆದು ಹೋಗಿರುತ್ತದೆ. ನೀರು ನಿಂತಲ್ಲಿ ಗಾಳಿಯಾಡದೆ ಕಸಕಡ್ಡಿ ಕೊಳೆಯುವುದೂ ನಿಧಾನ. ಬಿಸಿಲಿದೆ, ನೀರಿದೆ, ಗೊಬ್ಬರವಿಲ್ಲ. ಹಾಗಾಗಿ ಗೊಬ್ಬರ ಹೊಂದಿಸುವ ಕೆಲಸ ಬಹುಮಟ್ಟಿಗೆ ಎಲೆಯ ಪಾಲಿಗೆ ಬಂದಿದೆ. ಅಂಥ ಮಣ್ಣಿಗೆ ಒಗ್ಗಿದ ಬೇರಿಗೆ ಗೊಬ್ಬರದ ಲವಣ ತಾಕಿದರೆ ಸುಟ್ಟುಹೋಗುತ್ತದೆ. ಹಾಗೆ ಸುಡಲು ಕೆಲವು ಊರಿನ ಬೋರ್‌ವೆಲ್ ನೀರಿನ ಲವಣವೇ ಸಾಕು.

ಭೂತಗನ್ನಡಿ ಇದ್ದರೆ ನಮ್ಮಲ್ಲಿನ ಡ್ರಾಸೆರಾ ಬರ್ಮಾನಿ ಎಂಬ ಜಾತಿಯನ್ನು ಮಂಡಿಯೂರಿ ನೋಡಿ. ನೆಲಕ್ಕೆ ಅಂಟಿಕೊಂಡ ಕೆಂಪು ಚಕ್ರ, ನಾಣ್ಯದಷ್ಟು ಅಗಲ. ಎಲೆಯ ಒಂದೊಂದು ರೋಮದ ತುದಿಯಲ್ಲೂ ಒಂದು ಹನಿ ಅಂಟು. ನೊರಜು ಬಂದು ಕೂತರೆ ಕಾಲು ಸಿಕ್ಕಿಕೊಳ್ಳುತ್ತದೆ. ಒದ್ದಾಡಿದಷ್ಟೂ ಹೊಸ ರೋಮಗಳು ತಾಕುತ್ತವೆ. ಅಂಚಿನ ಉದ್ದ ರೋಮಗಳು ಕೆಲವೇ ಸೆಕೆಂಡುಗಳಲ್ಲಿ ಒಳಕ್ಕೆ ಬಾಗುತ್ತವೆ. ಅಂಟು ಉಸಿರಾಟದ ರಂಧ್ರಗಳನ್ನು ಮುಚ್ಚಿ ಹುಳ ಸಾಯುತ್ತದೆ, ಕಿಣ್ವಗಳು ಮೈಯನ್ನು ಕರಗಿಸುತ್ತವೆ, ರಸವನ್ನು ಎಲೆ ಹೀರುತ್ತದೆ. ಕೊನೆಗೆ ಉಳಿಯುವುದು ಟೊಳ್ಳು ಚಿಪ್ಪು.

ಹುಳ ಸಿಗದಿದ್ದರೆ? ಚಾರ್ಲ್ಸ್ ಡಾರ್ವಿನ್ನರ ಮಗ ಫ್ರಾನ್ಸಿಸ್ ಇದನ್ನೇ ಪರೀಕ್ಷಿಸಿ 1878ರಲ್ಲಿ ಪ್ರಕಟಿಸಿದರು. ಒಂದಷ್ಟು ಡ್ರಾಸೆರಾಗಳಿಗೆ ಮಾಂಸದ ಚೂರು, ಇನ್ನಷ್ಟಕ್ಕೆ ಉಪವಾಸ. ಉಪವಾಸದವು ಬದುಕಿ ಹೂವೂ ಬಿಟ್ಟವು. ಆದರೆ ಉಂಡವುಗಳಲ್ಲಿ ಬೀಜ ಎರಡು ಪಟ್ಟಿಗೂ ಹೆಚ್ಚು. ಗೊಬ್ಬರ ಕಂಡ ತೋಟಕ್ಕೂ ಕಾಣದ ತೋಟಕ್ಕೂ ಇರುವ ವ್ಯತ್ಯಾಸ ಇದೇ ಅಲ್ಲವೇ?

ಸಾಗರ ಕಡೆಯ ಒಬ್ಬ ಹಿರಿಯ ಅಡಿಕೆ ಬೆಳೆಗಾರರು ಮೊಮ್ಮಗಳಿಗೆಂದು ಮೊಬೈಲ್‌ನಲ್ಲಿ ವೀನಸ್ ಫ್ಲೈಟ್ರ್ಯಾಪ್ ತರಿಸಿದ್ದರು, ಎಲೆಯನ್ನೇ ಬೋನಿನಂತೆ ಮುಚ್ಚಿ ಹುಳ ಹಿಡಿಯುವ ಗಿಡ. ಅದು ಅಮೆರಿಕದ ಕರೋಲಿನಾ ಸೀಮೆಯದು, ಚಳಿಗಾಲದಲ್ಲಿ ಮಲಗುವ ಗಿಡ, ನಮ್ಮಲ್ಲಿ ಉಳಿಸುವುದು ಕಷ್ಟ. ಅದಿರಲಿ. ಹುಳ ಕೊಂದರೆ ಪಾಪವೆಂದು ಆ ಮಗು ಪನೀರ್ ತುಂಡು ತಿನ್ನಿಸಿತ್ತು! ಆ ಬೋನು ಮುಚ್ಚಲು ಒಳಗಿನ ರೋಮಗಳು ಸುಮಾರು 20 ಸೆಕೆಂಡಿನೊಳಗೆ ಎರಡು ಬಾರಿ ಅಲುಗಬೇಕು. ಮುಚ್ಚಿದ ಮೇಲೂ ಒಳಗೆ ಒದ್ದಾಟವಿದ್ದರೆ ಮಾತ್ರ ಬಿಗಿಯಾಗಿ, ಕಿಣ್ವ ಸುರಿಯುತ್ತದೆ. ಪನೀರ್ ಒದ್ದಾಡುತ್ತದೆಯೇ? ಕೊಳೆತಿತ್ತು, ಎಲೆಯೂ ಕಪ್ಪಾಗಿತ್ತು. ಇಷ್ಟನ್ನೂ ವಿವರಿಸಿ, ಮಳೆನೀರು ಹಾಕಿ ಬಿಸಿಲಿಗಿಟ್ಟು ಸುಮ್ಮನಿರಿ ಎಂದೆ. "ಸುಮ್ಮನಿರುವುದಕ್ಕೆ ನಾನು ಇಷ್ಟು ದೂರ ಬರಬೇಕಿತ್ತೇ ಮಾರಾಯರೇ?" ಎಂದು ನಕ್ಕರು.

ಬಂಡೆಯ ಮೇಲಿನ ಗಿಡ ಕೀಳಬೇಡಿ. ಡ್ರಾಸೆರಾ ಇಂಡಿಕಾ ಎಂಬ ಇನ್ನೊಂದು ಜಾತಿ ಹೇಗೂ ಒಂದೇ ಹಂಗಾಮಿನದು, ಬೀಜ ಉದುರಿಸಿ ಒಣಗುತ್ತದೆ. ನೀವು ತಂದರೆ ಆ ಬೀಜವೂ ಹೋಯಿತು. ನರ್ಸರಿಯಲ್ಲಿ ಬೆಳೆಸಿದ್ದನ್ನು ಕೊಂಡರೆ ತೊಳೆದ ಮರಳು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಾಕು. ಕೊಕೊಪೀಟ್‌ನಲ್ಲೂ ಉಪ್ಪಿರುವುದರಿಂದ ಹಲವು ಸಲ ತೊಳೆಯಿರಿ. ಕುಂಡವನ್ನು ಮಳೆನೀರಿನ ತಟ್ಟೆಯಲ್ಲಿಡಿ. ಈ ಗಿಡದಿಂದ ಮನೆಯ ಸೊಳ್ಳೆ ಕಡಿಮೆಯಾಗುವುದಿಲ್ಲ. ತಟ್ಟೆಯ ನೀರನ್ನು ವಾರದೊಳಗೆ ಚೆಲ್ಲಿ ಬದಲಿಸದಿದ್ದರೆ ಹೆಚ್ಚಾಗಲೂಬಹುದು.