ಹುಲ್ಲಿನಂಕಣ ಕಸಿದುಕೊಳ್ಳುವ ಎರಡು ಸಂಗತಿಗಳು

2007ರ ಮೇ 2ರಂದು ಸ್ಪೇನಿನ ಮಯೋರ್ಕಾ ದ್ವೀಪದ ಪಾಲ್ಮಾ ನಗರದಲ್ಲಿ ರೋಜರ್ ಫೆಡರರ್ ಮತ್ತು ರಫೆಲ್ ನಡಾಲ್ ವಿಚಿತ್ರವಾದ ಒಂದು ಅಂಕಣದಲ್ಲಿ ಮುಖಾಮುಖಿಯಾದರು. ನೆಟ್‌ನ ಒಂದು ಬದಿಗೆ ಹುಲ್ಲು, ಇನ್ನೊಂದು ಬದಿಗೆ ಆವೆಮಣ್ಣು ಹಾಸಲಾಗಿತ್ತು. ಆ ಹೊತ್ತಿಗೆ ಫೆಡರರ್ ಹುಲ್ಲಿನ ಮೇಲೆ ಸತತ 48 ಪಂದ್ಯಗಳನ್ನೂ ನಡಾಲ್ ಆವೆಮಣ್ಣಿನ ಮೇಲೆ ಸತತ 72 ಪಂದ್ಯಗಳನ್ನೂ ಗೆದ್ದಿದ್ದರು. ನಡಾಲ್ 7–5, 4–6, 7–6ರಿಂದ ಗೆದ್ದ ಆ ಪ್ರದರ್ಶನ ಪಂದ್ಯದ ಫಲಿತಾಂಶಕ್ಕೆ ಹೆಚ್ಚಿನ ಅರ್ಥ ಹಚ್ಚಬೇಕಾಗಿಲ್ಲ. ಆದರೆ ಬದಿ ಬದಲಿಸುವಾಗಲೆಲ್ಲ ಇಬ್ಬರೂ ಕುಳಿತು ಬೂಟು ಬದಲಿಸಿಕೊಳ್ಳುತ್ತಿದ್ದುದನ್ನು ಮಾತ್ರ ಗಮನಿಸಬೇಕು. ಅದೇ ರ‍್ಯಾಕೆಟ್, ಅದೇ ಚೆಂಡು, ಅದೇ ಎದುರಾಳಿ ಇದ್ದರೂ ಕಾಲ ಕೆಳಗಿನ ನೆಲ ಬದಲಾದ ಕೂಡಲೇ ನಿಲ್ಲುವ, ಓಡುವ, ಬಾಗುವ ಬಗೆಯೆಲ್ಲ ಬದಲಾಗಬೇಕಾಗುತ್ತದೆ.

ನೆಲಕ್ಕೆ ಬಡಿದ ಟೆನಿಸ್ ಚೆಂಡು ಮುಂದೆ ಹೇಗೆ ಸಾಗುತ್ತದೆ ಎಂಬುದನ್ನು ಮುಖ್ಯವಾಗಿ ಎರಡು ಗುಣಗಳು ನಿರ್ಧರಿಸುತ್ತವೆ. ಒಂದು, ನೆಲಕ್ಕೂ ಚೆಂಡಿಗೂ ನಡುವಿನ ಘರ್ಷಣೆ. ಇದು ಚೆಂಡಿನ ಮುನ್ನುಗ್ಗುವ ವೇಗವನ್ನು ಎಷ್ಟು ಕಡಿತಗೊಳಿಸುತ್ತದೆ ಎಂಬುದನ್ನು ಹೇಳುತ್ತದೆ. ಇನ್ನೊಂದು, ಕೆಳಕ್ಕೆ ಬಂದ ವೇಗದಲ್ಲಿ ಎಷ್ಟು ಪಾಲು ಮೇಲಕ್ಕೆ ಮರಳುತ್ತದೆ ಎಂಬ ಪುಟಿತದ ಗುಣಾಂಕ. ಆವೆಮಣ್ಣಿನಲ್ಲಿ ಮೇಲ್ಪದರದ ಸಡಿಲ ಪುಡಿ ಚೆಂಡಿನ ಮುಂದೆ ಕಿರಿದಾಗಿ ಗುಡ್ಡೆಗಟ್ಟಿ ಅದನ್ನು ತಡೆಯುತ್ತದೆ ಮತ್ತು ಮೇಲಕ್ಕೆ ಎತ್ತುತ್ತದೆ. ಹುಲ್ಲಿನಲ್ಲಾದರೋ ಗರಿಕೆಗಳು ಬಾಗಿ ಮಲಗಿ, ಪೌಡರ್ ಉದುರಿಸಿದ ಕೇರಂ ಬೋರ್ಡಿನ ಮೇಲೆ ಸ್ಟ್ರೈಕರ್ ಜಾರುವಂತೆ ಚೆಂಡು ಜಾರಿಕೊಂಡು ಹೋಗಲು ಬಿಡುತ್ತವೆ. ಜೊತೆಗೆ ಹುಲ್ಲೂ ಅದರಡಿಯ ಮಣ್ಣೂ ಚೆಂಡಿನ ಶಕ್ತಿಯ ಒಂದು ಪಾಲನ್ನು ಹೀರಿಕೊಳ್ಳುವುದರಿಂದ ಪುಟಿತ ತಗ್ಗುತ್ತದೆ.

ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ತಿರುಗುವಿಕೆಯಿಲ್ಲದ ಚಪ್ಪಟೆ ಹೊಡೆತವೊಂದು ಗಂಟೆಗೆ 100 ಕಿ.ಮೀ. ವೇಗದಲ್ಲಿ ಮುಂದಕ್ಕೂ 18 ಕಿ.ಮೀ. ವೇಗದಲ್ಲಿ ಕೆಳಕ್ಕೂ ಸಾಗುತ್ತ ನೆಲ ಮುಟ್ಟಿತು ಎಂದುಕೊಳ್ಳೋಣ. ಚೆಂಡು ಜಾರುತ್ತಲೇ ಪುಟಿಯುವಾಗ ಕಳೆದುಕೊಳ್ಳುವ ವೇಗವು ಘರ್ಷಣಾಂಕ, ಒಂದಕ್ಕೆ ಪುಟಿತದ ಗುಣಾಂಕ ಕೂಡಿಸಿದ ಮೊತ್ತ ಮತ್ತು ಕೆಳಮುಖ ವೇಗ ಇವು ಮೂರರ ಗುಣಲಬ್ಧವಾಗಿರುತ್ತದೆ. ಆವೆಮಣ್ಣಿಗೆ ಘರ್ಷಣಾಂಕ 0.8, ಪುಟಿತದ ಗುಣಾಂಕ 0.85 ಎಂದೂ ಹುಲ್ಲಿಗೆ ಕ್ರಮವಾಗಿ 0.6 ಮತ್ತು 0.75 ಎಂದೂ ಹಿಡಿದರೆ, ಪುಟಿದ ನಂತರ ಚೆಂಡಿನ ವೇಗ ಆವೆಮಣ್ಣಿನಲ್ಲಿ ಸುಮಾರು 73 ಕಿ.ಮೀ.ಗೆ ಇಳಿದರೆ ಹುಲ್ಲಿನಲ್ಲಿ 81 ಕಿ.ಮೀ. ಉಳಿಯುತ್ತದೆ. ಆವೆಮಣ್ಣಿನಲ್ಲಿ ಚೆಂಡು 92 ಸೆಂ.ಮೀ. ಎತ್ತರಕ್ಕೆ ಏರುತ್ತದೆ, ಹುಲ್ಲಿನಲ್ಲಿ ಸುಮಾರು 72 ಸೆಂ.ಮೀ.ಗೇ ನಿಲ್ಲುತ್ತದೆ. ಗಂಟೆಗೆ 8 ಕಿ.ಮೀ. ಮತ್ತು ಒಂದು ಗೇಣಿನಷ್ಟು ಎತ್ತರ, ಅಷ್ಟೇ ಅಂತರ. ಆದರೆ ಸೊಂಟದ ಮಟ್ಟಕ್ಕೆ ಬರಬೇಕಾದ ಚೆಂಡು ತೊಡೆಯ ಮಟ್ಟದಲ್ಲಿ, ಅದೂ ನಿರೀಕ್ಷೆಗಿಂತ ಕೊಂಚ ಮೊದಲೇ ಬಂದರೆ, ವರ್ಷಗಟ್ಟಲೆ ರೂಢಿಸಿಕೊಂಡ ಹೊಡೆತದ ಲಯವೇ ತಪ್ಪುತ್ತದೆ. ಹುಲ್ಲಿನಂಕಣವು ಆಟಗಾರನಿಂದ ಸಮಯವನ್ನೂ ಎತ್ತರವನ್ನೂ ಕಸಿದುಕೊಳ್ಳುತ್ತದೆ. ಇಲ್ಲಿ ಯಶಸ್ವಿಯಾದವರೆಲ್ಲ ಆ ನಷ್ಟವನ್ನು ಎದುರಾಳಿಯ ತಲೆಗೆ ಕಟ್ಟಿ, ತಮ್ಮ ಪಾಲಿನದನ್ನು ಕಾಲಿನ ಚುರುಕಿನಿಂದ ತುಂಬಿಕೊಂಡವರು.

ಮೊದಲ ಕೆಲಸಕ್ಕೆ, ಪ್ರತಿ ಪಾಯಿಂಟನ್ನು ಶುರುಮಾಡುವ ಹೊಡೆತವಾದ ಸರ್ವ್‌ಗಿಂತ ದೊಡ್ಡ ಆಯುಧವಿಲ್ಲ. ಗಂಟೆಗೆ 200 ಕಿ.ಮೀ. ವೇಗದ ಸರ್ವ್ ಎದುರಾಳಿಯನ್ನು ತಲಪಲು ಅರ್ಧ ಸೆಕೆಂಡಿಗಿಂತ ಕೊಂಚ ಹೆಚ್ಚು ಸಮಯ ಸಾಕು. ಹುಲ್ಲಿನ ಮೇಲೆ ಅದು ಪುಟಿದ ನಂತರವೂ ವೇಗವನ್ನು ಹೆಚ್ಚಾಗಿ ಉಳಿಸಿಕೊಳ್ಳುತ್ತದೆ, ಪಕ್ಕಕ್ಕೆ ತಿರುಗಿಸಿ ಹೊಡೆದ ಸ್ಲೈಸ್ ಸರ್ವ್ ಅಂಕಣದ ಆಚೆಗೇ ಜಾರಿ ಹೋಗುತ್ತದೆ. ಲಂಡನ್ನಿನಲ್ಲಿ ಹುಲ್ಲಿನ ಮೇಲೆ ನಡೆಯುವ ವಿಂಬಲ್ಡನ್ ಟೂರ್ನಿಯಲ್ಲಿ 2010ರಲ್ಲಿ ಜಾನ್ ಇಸ್ನರ್ ಮತ್ತು ನಿಕೋಲಾಸ್ ಮಹೂತ್ ಮೂರು ದಿನಗಳಲ್ಲಿ ಒಟ್ಟು 11 ಗಂಟೆ 5 ನಿಮಿಷ ಆಡಿ, ಕೊನೆಯ ಸೆಟ್ಟನ್ನು 70–68ರವರೆಗೆ ಎಳೆದದ್ದು ಇದೇ ಕಾರಣಕ್ಕೆ. ಎದುರಾಳಿಗೆ ಮುಟ್ಟಲೂ ಆಗದ ಸರ್ವ್‌ಗಳನ್ನು, ಅಂದರೆ ಏಸ್‌ಗಳನ್ನು, ಇಸ್ನರ್ 113 ಹೊಡೆದರೆ ಮಹೂತ್ 103 ಹೊಡೆದರು. ಕೊನೆಯ ಸೆಟ್ಟಿನ ಕಡೆಯ ಗೇಮಿನವರೆಗೂ ಒಬ್ಬರ ಸರ್ವ್ ಇನ್ನೊಬ್ಬರಿಗೆ ಮುರಿಯಲಾಗಲಿಲ್ಲ, ಅಂದರೆ ಸರ್ವ್ ಮಾಡಿದವರೇ ಆ ಗೇಮನ್ನು ಗೆಲ್ಲುತ್ತಿದ್ದರು. ಆದರೆ ಅಂಥ ಸರ್ವ್ ಇದ್ದ ಇಸ್ನರ್ ವಿಂಬಲ್ಡನ್ ಸಿಂಗಲ್ಸ್‌ನಲ್ಲಿ ಒಮ್ಮೆಯೂ ಫೈನಲ್ ತಲಪಲಿಲ್ಲ ಎಂಬುದನ್ನೂ ಇದರ ಜೊತೆಗೇ ನೆನೆಯಬೇಕು. 2019ರ ಫೈನಲ್ ಇನ್ನೂ ಸ್ಪಷ್ಟ ಉದಾಹರಣೆ. ಅಲ್ಲಿ ಫೆಡರರ್ 25 ಏಸ್ ಹೊಡೆದರು, ಜೊಕೊವಿಚ್ 10 ಮಾತ್ರ. ಒಟ್ಟು ಪಾಯಿಂಟುಗಳಲ್ಲಿಯೂ ಫೆಡರರ್ 218–204ರಿಂದ ಮುಂದಿದ್ದರು. ಟ್ರೋಫಿ ಮಾತ್ರ ಜೊಕೊವಿಚ್ ಪಾಲಾಯಿತು. ಸರ್ವ್‌ನಷ್ಟೇ ಅದಕ್ಕೆ ಉತ್ತರ ಕೊಡುವ ಕಲೆಯೂ ಹುಲ್ಲಿನಲ್ಲಿ ಬೆಲೆಬಾಳುತ್ತದೆ, ಏಕೆಂದರೆ ಸರ್ವ್ ಮುರಿಯುವ ಅವಕಾಶಗಳೇ ವಿರಳವಾಗಿರುವ ಕಡೆ ಸಿಕ್ಕ ಒಂದೆರಡನ್ನು ಬಳಸಿಕೊಂಡವನಿಗೆ ಸೆಟ್ ದಕ್ಕುತ್ತದೆ. 1992ರಲ್ಲಿ ಆಂಡ್ರೆ ಅಗಾಸಿ ಅಂಕಣದ ಹಿಂದಿನ ಗೆರೆಯಾದ ಬೇಸ್‌ಲೈನ್ ಬಿಟ್ಟು ಹೆಚ್ಚು ಕದಲದೆ ಗೊರಾನ್ ಇವಾನಿಸೆವಿಚ್‌ರನ್ನು ಫೈನಲ್‌ನಲ್ಲಿ ಸೋಲಿಸಿದ್ದು ಹೀಗೆಯೇ: ರ‍್ಯಾಕೆಟ್ಟನ್ನು ಹಿಂದಕ್ಕೆ ಹೆಚ್ಚು ಬೀಸದೆ, ಬಂದ ಚೆಂಡಿನ ವೇಗವನ್ನೇ ಬಳಸಿ, ಪುಟಿದೇಳುತ್ತಿರುವಾಗಲೇ ಅದನ್ನು ತಿರುಗಿಸಿ.

ರ‍್ಯಾಕೆಟ್ಟನ್ನು ಹಿಂದಕ್ಕೆ ಎಳೆಯುವ ಈ ಅಂತರ ನೋಡುವವರ ಗಮನಕ್ಕೆ ಸುಲಭವಾಗಿ ಬರುವುದಿಲ್ಲ. ಆವೆಮಣ್ಣಿನಲ್ಲಿ ಭುಜದ ಹಿಂದೆ ದೊಡ್ಡ ಸುತ್ತು ಹಾಕಿ, ಕೆಳಗಿನಿಂದ ಮೇಲಕ್ಕೆ ಉಜ್ಜಿ ಟಾಪ್‌ಸ್ಪಿನ್, ಅಂದರೆ ಮುಮ್ಮುಖ ತಿರುಗುವಿಕೆ, ಕೊಡುವವರಿಗೆ ಹುಲ್ಲಿನಲ್ಲಿ ಎರಡು ತೊಂದರೆಗಳು ಎದುರಾಗುತ್ತವೆ. ಆ ಸುತ್ತನ್ನು ಪೂರೈಸಲು ಸಮಯ ಸಾಲದು. ಅಂಗೈಯನ್ನು ಹಿಡಿಕೆಯ ಅಡಿಗೆ ತಂದು ಹಿಡಿಯುವ ಅವರ ಹಿಡಿತಕ್ಕೆ ಎದೆಯೆತ್ತರದ ಚೆಂಡು ಹಿತವೇ ಹೊರತು ಮೊಣಕಾಲಿನ ಎತ್ತರದ್ದಲ್ಲ. ಇದರ ಮೇಲೆ, ನೆಲ ಹಿಡಿದುಕೊಳ್ಳದ ಕಡೆ ಟಾಪ್‌ಸ್ಪಿನ್ ಚೆಂಡು ಎದುರಾಳಿಯ ಭುಜದವರೆಗೆ ಚಿಮ್ಮುವ ಬದಲು ಸೊಂಟದ ಬಳಿ ಹದವಾಗಿ ಬಂದು ನಿಲ್ಲುತ್ತದೆ. ಇದಕ್ಕೆ ತದ್ವಿರುದ್ಧವಾದುದು ಸ್ಲೈಸ್. ಚೆಂಡಿನ ಅಡಿಯನ್ನು ಸವರಿ ಹಿಮ್ಮುಖವಾಗಿ ತಿರುಗಿಸಿದರೆ ಅದು ಗಾಳಿಯಲ್ಲಿ ತೇಲಿ, ನೆಲಕ್ಕೆ ಓರೆಯಾಗಿ ತಾಗಿ, ಕೆಳಗೇ ಹರಿಯುತ್ತದೆ. ಕೆಳಮುಖ ವೇಗ ಕಡಿಮೆಯಿದ್ದಷ್ಟೂ ಘರ್ಷಣೆಯಿಂದ ಆಗುವ ನಷ್ಟವೂ ಕಡಿಮೆ ಎಂಬ ಮೇಲಿನ ಲೆಕ್ಕವೇ ಇಲ್ಲಿಯೂ ಕೆಲಸ ಮಾಡುತ್ತದೆ. ಎದುರಾಳಿ ಮಂಡಿಯೂರಿದಷ್ಟು ಬಾಗಿ ಅದನ್ನು ಮೇಲಕ್ಕೆತ್ತಲೇಬೇಕು, ಎತ್ತಿದರೆ ಬಲವಾಗಿ ಹೊಡೆಯಲಾಗದು. ಫೆಡರರ್ ಗೆದ್ದ ಎಂಟು ವಿಂಬಲ್ಡನ್ ಸಿಂಗಲ್ಸ್ ಪ್ರಶಸ್ತಿಗಳಲ್ಲಿಯೂ ಮಾರ್ಟಿನಾ ನವ್ರಾಟಿಲೋವಾ ಗೆದ್ದ ಒಂಬತ್ತರಲ್ಲಿಯೂ ಈ ಸದ್ದಿಲ್ಲದ ಹೊಡೆತದ ಪಾಲು ದೊಡ್ಡದು.

ಇಷ್ಟೆಲ್ಲ ಬಲ್ಲವನಿಗೂ ಕಾಲು ಕೈಕೊಟ್ಟರೆ ಪ್ರಯೋಜನವಿಲ್ಲ. 2021ರ ಜೂನ್ 29ರಂದು ವಿಂಬಲ್ಡನ್‌ನ ಸೆಂಟರ್ ಕೋರ್ಟಿನಲ್ಲಿ ಫೆಡರರ್ ಎದುರು ಆಡುತ್ತಿದ್ದ ಅಡ್ರಿಯನ್ ಮನ್ನರಿನೊ ಜಾರಿಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಪಂದ್ಯದಿಂದ ಹಿಂದೆ ಸರಿದರು. ಅದೇ ದಿನ, ಅದೇ ಅಂಕಣದಲ್ಲಿ ಏಳು ಬಾರಿಯ ಚಾಂಪಿಯನ್ ಸೆರೆನಾ ವಿಲಿಯಮ್ಸ್ ಕೂಡ ಜಾರಿ, ಮೊದಲ ಸೆಟ್ ಮುಗಿಯುವ ಮುನ್ನವೇ ಕಣ್ಣೀರಿಡುತ್ತ ಹೊರನಡೆದರು. ಟೂರ್ನಿಯ ಮೊದಲ ದಿನಗಳಲ್ಲಿ ಹುಲ್ಲು ಹಸಿಯಾಗಿ ದಟ್ಟವಾಗಿರುತ್ತದೆ, ಬೂಟಿನಡಿ ಜಜ್ಜಿದ ಎಲೆಯ ರಸವೇ ಎಣ್ಣೆಯಂತಾಗುತ್ತದೆ, ಮಳೆಗೆಂದು ಛಾವಣಿ ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಹುಲ್ಲಿನ ಬೂಟುಗಳ ಅಟ್ಟೆಗೆ ಸಣ್ಣ ಸಣ್ಣ ರಬ್ಬರ್ ಗುಬುಟುಗಳನ್ನು ಕೊಟ್ಟಿರುವುದು ಇದಕ್ಕಾಗಿಯೇ. ಆದರೂ ಉದ್ದ ಹೆಜ್ಜೆ ಚಾಚಿ ದೇಹದ ಭಾರವನ್ನು ಪಾದದಿಂದಾಚೆಗೆ ಹಾಕಿದವನನ್ನು ಯಾವ ಬೂಟೂ ಕಾಯದು. ಹುಲ್ಲಿನಲ್ಲಿ ಪಳಗಿದವರು ಚೆಂಡಿನ ಬಳಿ ಬರುತ್ತಿದ್ದಂತೆ ಹೆಜ್ಜೆಗಳನ್ನು ಕಿರಿದುಗೊಳಿಸಿ, ಮೊಣಕಾಲು ಬಗ್ಗಿಸಿ, ಭಾರವನ್ನು ಕಾಲುಗಳ ನಡುವೆಯೇ ಇಟ್ಟುಕೊಂಡು ಹೊಡೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಹುಲ್ಲಿನಾಟದ ನಿಜವಾದ ಪರೀಕ್ಷೆ ಇದೇ. ಅಂಕಿಅಂಶಗಳ ಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲದ್ದರಿಂದ ಸರ್ವ್‌ಗೆ ಸಿಗುವ ಹೊಗಳಿಕೆ ಇದಕ್ಕೆ ಸಿಗುವುದಿಲ್ಲ.

ಹುಲ್ಲೂ ಒಂದೇ ತೆರನಾಗಿ ಉಳಿದಿಲ್ಲ. 2001ಕ್ಕೆ ಮುಂಚೆ ವಿಂಬಲ್ಡನ್ ಅಂಕಣಗಳಲ್ಲಿ ಶೇ 70ರಷ್ಟು ರೈಗ್ರಾಸ್, ಶೇ 30ರಷ್ಟು ಫೆಸ್ಕ್ಯೂ ಹುಲ್ಲು ಬೆಳೆಸುತ್ತಿದ್ದರು. ಆ ವರ್ಷದಿಂದ ಪೂರ್ತಿ ರೈಗ್ರಾಸ್‌ಗೆ ಬದಲಾಯಿಸಿ, ಟೂರ್ನಿಯ ಹೊತ್ತಿಗೆ ಅದನ್ನು 8 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುತ್ತಾರೆ. ಸವೆತವನ್ನು ಚೆನ್ನಾಗಿ ತಾಳಿಕೊಳ್ಳುವ ಈ ಹುಲ್ಲಿನಡಿಯ ಮಣ್ಣನ್ನು ಒಣಗಿಸಿ ಗಟ್ಟಿಯಾಗಿಡಲು ಸಾಧ್ಯವಾದ್ದರಿಂದ ಚೆಂಡು ಹಿಂದಿಗಿಂತ ಮೇಲೆ, ಹಿಂದಿಗಿಂತ ನಿಯತವಾಗಿ ಪುಟಿಯತೊಡಗಿತು. ಅದರ ಪರಿಣಾಮವನ್ನು ನೆಲವೇ ಬರೆದಿಟ್ಟಿದೆ. ಪೀಟ್ ಸಾಂಪ್ರಸ್ ಆಡುತ್ತಿದ್ದ ಕಾಲದ ಎರಡನೆಯ ವಾರದ ಚಿತ್ರಗಳಲ್ಲಿ ಬೇಸ್‌ಲೈನಿನಿಂದ ನೆಟ್‌ನತ್ತ ಹೊರಟ ಕಂದು ದಾರಿ ಕಾಣುತ್ತದೆ, ಸರ್ವ್ ಮಾಡಿದ ಕೂಡಲೇ, ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯುವ ವಾಲಿಗೆಂದು ಮುನ್ನುಗ್ಗಿದವರ ಹೆಜ್ಜೆಗಳು ತುಳಿದ ದಾರಿ ಅದು. ಇಂದಿನ ಚಿತ್ರಗಳಲ್ಲಿ ಆ ಜಾಗ ಹಸಿರಾಗಿದೆ, ಬೇಸ್‌ಲೈನಿನ ಉದ್ದಕ್ಕೂ ಹುಲ್ಲು ಸವೆದು ಮಣ್ಣು ತೆರೆದುಕೊಂಡಿರುತ್ತದೆ. 2002ರ ಫೈನಲ್‌ನಲ್ಲಿ ಎದುರಾದ ಲೇಟನ್ ಹೆವಿಟ್ ಮತ್ತು ಡೇವಿಡ್ ನಲ್ಬಾಂಡಿಯನ್ ಇಬ್ಬರೂ ಬೇಸ್‌ಲೈನ್ ಆಟಗಾರರೇ. ಹುಲ್ಲಿನ ತಳಿಯೊಂದೇ ಇದಕ್ಕೆ ಕಾರಣವೆಂದರೆ ಸರಿಯಾಗದು. ಪಾಲಿಯೆಸ್ಟರ್ ದಾರದ ರ‍್ಯಾಕೆಟ್ಟುಗಳು ಬಂದ ಮೇಲೆ ನೆಟ್‌ಗೆ ಧಾವಿಸಿದವನ ಕಾಲಬುಡಕ್ಕೆ ಚೆಂಡನ್ನು ಧುಮುಕಿಸುವುದು ಸುಲಭವಾಯಿತು.

ಇನ್ನು ಆವೆಮಣ್ಣಿನ ದೊರೆಗಳು ಹುಲ್ಲಿನಲ್ಲಿ ಗೆಲ್ಲಲಾರರು ಎಂಬ ಮಾತು ಹಿಂದೆಯೂ ಪೂರ್ತಿ ನಿಜವಾಗಿರಲಿಲ್ಲ. ಬ್ಯೋನ್ ಬೋರ್ಗ್ 1978, 1979 ಮತ್ತು 1980ರಲ್ಲಿ ಆವೆಮಣ್ಣಿನ ಮೇಲೆ ನಡೆಯುವ ಫ್ರೆಂಚ್ ಓಪನ್ ಗೆದ್ದು, ಕೆಲವೇ ವಾರಗಳಲ್ಲಿ ವಿಂಬಲ್ಡನ್ನನ್ನೂ ಗೆದ್ದರು. ಪ್ಯಾರಿಸ್‌ನಲ್ಲಿ ಹಿಂದೆಯೇ ನಿಲ್ಲುತ್ತಿದ್ದ ಆತ ಲಂಡನ್ನಿನಲ್ಲಿ ಮೊದಲ ಸರ್ವ್‌ನ ಬೆನ್ನಿಗೇ ನೆಟ್‌ಗೆ ಓಡುತ್ತಿದ್ದರು. ಇವಾನ್ ಲೆಂಡ್ಲ್ ಅದಕ್ಕಿಂತ ಹೆಚ್ಚು ಶ್ರಮಪಟ್ಟರೂ, 1990ರಲ್ಲಿ ಫ್ರೆಂಚ್ ಓಪನ್ನನ್ನೇ ಬಿಟ್ಟು ಹುಲ್ಲಿನ ಮೇಲೆ ಅಭ್ಯಾಸ ಮಾಡಿದರೂ, 1986 ಮತ್ತು 1987ರ ಫೈನಲ್‌ಗಳ ಆಚೆಗೆ ದಾಟಲಾಗಲಿಲ್ಲ. 2025ರಲ್ಲಿ ಆವೆಮಣ್ಣಿನ ರಾಣಿ ಎನಿಸಿದ್ದ ಇಗಾ ಶ್ವಾಂಟೆಕ್ ವಿಂಬಲ್ಡನ್ ಫೈನಲ್ಲನ್ನು 6–0, 6–0ರಿಂದ ಗೆದ್ದರು.

ಅಭ್ಯಾಸಕ್ಕೆ ಸಿಗುವ ಅವಧಿಯೂ ಕಿರಿದು. 1974ರವರೆಗೆ ಅಮೆರಿಕ ಓಪನ್, 1987ರವರೆಗೆ ಆಸ್ಟ್ರೇಲಿಯಾ ಓಪನ್ ಹುಲ್ಲಿನ ಮೇಲೆಯೇ ನಡೆಯುತ್ತಿದ್ದವು. ಈಗ ನಾಲ್ಕು ಗ್ರ್ಯಾಂಡ್ ಸ್ಲಾಮ್ ಟೂರ್ನಿಗಳಲ್ಲಿ ಹುಲ್ಲಿನ ಮೇಲೆ ನಡೆಯುವುದು ವಿಂಬಲ್ಡನ್ ಒಂದೇ. ಆದರೆ ಭಾರತ, ದೇಶ ದೇಶಗಳ ತಂಡಗಳು ಸೆಣಸುವ ಡೇವಿಸ್ ಕಪ್‌ನಲ್ಲಿ, ಹುಲ್ಲನ್ನು ತವರಿನ ಅಸ್ತ್ರವಾಗಿ ಆಗಾಗ ಹೊರತೆಗೆಯುತ್ತದೆ. 2019ರ ಫೆಬ್ರುವರಿಯಲ್ಲಿ ಇಟಲಿಯನ್ನು ಕೋಲ್ಕತ್ತದ ಸೌತ್ ಕ್ಲಬ್ಬಿನ ಹುಲ್ಲಿಗೆ ಕರೆತಂದಾಗ ಲೆಕ್ಕಾಚಾರ ತಲೆಕೆಳಗಾಯಿತು: ಭಾರತ 1–3ರಿಂದ ಸೋತಿತು, ಗೆದ್ದ ಒಂದೇ ಪಂದ್ಯ ಕೊಡಗಿನ ರೋಹನ್ ಬೋಪಣ್ಣ ಮತ್ತು ದಿವಿಜ್ ಶರಣ್ ಆಡಿದ ಡಬಲ್ಸ್. ನಮ್ಮ ಸಿಂಗಲ್ಸ್ ಆಟಗಾರರೂ ವರ್ಷದ ಬಹುಪಾಲು ಹಾರ್ಡ್ ಕೋರ್ಟಿನಲ್ಲಿಯೇ ಆಡುವವರಾದ್ದರಿಂದ ಹುಲ್ಲು ಅವರಿಗೂ ಹೆಚ್ಚುಕಡಿಮೆ ಪರಸ್ಥಳವೇ ಆಗಿತ್ತು. ಬೋಪಣ್ಣರಾದರೋ ಬಲವಾದ ಸರ್ವ್ ಮತ್ತು ನೆಟ್ ಬಳಿಯ ಚುರುಕಿನಿಂದಲೇ ಬದುಕಿದವರು. 2013, 2015 ಮತ್ತು 2023ರಲ್ಲಿ, ಕೊನೆಯ ಬಾರಿ 43ರ ವಯಸ್ಸಿನಲ್ಲಿ, ವಿಂಬಲ್ಡನ್ ಡಬಲ್ಸ್‌ನ ಸೆಮಿಫೈನಲ್ ತಲಪಿದರು. ಕೋಲ್ಕತ್ತದಲ್ಲಿ ಪ್ರಜ್ಞೇಶ್ ಗುಣೇಶ್ವರನ್ ಅವರನ್ನು ಸೋಲಿಸಿದ್ದ 22ರ ಹರೆಯದ ಮಟ್ಟಿಯೊ ಬೆರೆಟ್ಟಿನಿ, ಬಿರುಸಿನ ಸರ್ವ್ ಮತ್ತು ತಗ್ಗಿ ಹರಿಯುವ ಬ್ಯಾಕ್‌ಹ್ಯಾಂಡ್ ಸ್ಲೈಸ್‌ನ ಬಲದಿಂದ, 2021ರಲ್ಲಿ ವಿಂಬಲ್ಡನ್ ಫೈನಲ್ ಆಡಿದರು.