ಎಷ್ಟೇ ಎಳೆದರೂ ಲಂಬವಾಗದ ರೇಖೆ

ಸಮೀಕರಣ ಬರೆದರೆ ಅದರ ನಕ್ಷೆ ಬಿಡಿಸಿ ತೋರಿಸುವ ಉಚಿತ ತಾಣ ಡೆಸ್ಮೋಸ್‌ನಲ್ಲಿ ‘ವೈ = ಎಂಎಕ್ಸ್ + ಸಿ’ ಎಂದು ಬರೆದರೆ ಎಂ ಮತ್ತು ಸಿಗೆ ಒಂದೊಂದು ಸ್ಲೈಡರ್, ಅಂದರೆ ಎಳೆದು ಬೆಲೆ ಬದಲಿಸುವ ಗುಂಡಿ, ಸೇರಿಸಿಕೊಳ್ಳಬಹುದು. ಸಿ ಬದಲಿಸಿದರೆ ರೇಖೆ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ, ಎಂ ಬದಲಿಸಿದರೆ ಅದರ ಓರೆ ಬದಲಾಗುತ್ತದೆ. ಇಷ್ಟು ತೋರಿಸಿ ಮುಂದಿನ ಪಾಠಕ್ಕೆ ಹೋಗಿಬಿಟ್ಟರೆ ಅದು ಕಪ್ಪುಹಲಗೆಯ ಚಿತ್ರಕ್ಕಿಂತ ಹೆಚ್ಚಿನದೇನಲ್ಲ. ಬದಲಿಗೆ ಮಕ್ಕಳಿಗೆ ಒಂದು ಕೆಲಸ ಕೊಡಿ: ಎಂ ಒಂದನ್ನೇ ಬದಲಿಸುತ್ತಾ ಈ ರೇಖೆಯನ್ನು ಪೂರ್ತಿ ಲಂಬವಾಗಿ ನಿಲ್ಲಿಸಬೇಕು.

ಮೊದಲು 10 ಕೊಡುತ್ತಾರೆ, ಸಾಲದು. 100 ಕೊಡುತ್ತಾರೆ. 1000ಕ್ಕೆ ಬರುವಷ್ಟರಲ್ಲಿ ರೇಖೆ ಗೋಡೆಯಂತೆ ನೆಟ್ಟಗೆ ಕಾಣುತ್ತದೆ, ಗೆದ್ದೆವೆಂದು ಕೂಗುತ್ತಾರೆ. ಪರದೆ ಇಲ್ಲಿ ಸುಳ್ಳು ಹೇಳುತ್ತಿದೆ. ಪರದೆಯ ಸಾವಿರ ಚುಕ್ಕೆಗಳಷ್ಟು ಎತ್ತರ ಏರುವಾಗ ರೇಖೆ ಪಕ್ಕಕ್ಕೆ ಸರಿಯುವುದು ಒಂದೇ ಚುಕ್ಕೆಯಷ್ಟು. ಅದು ಕಣ್ಣಿಗೆ ಬೀಳುವುದಿಲ್ಲ. ಚಿತ್ರವನ್ನು ಹಿಗ್ಗಿಸಿ ನೋಡಿದರೂ ಪ್ರಯೋಜನವಿಲ್ಲ, ಎರಡೂ ಅಕ್ಷಗಳು ಒಟ್ಟಿಗೆ ಹಿಗ್ಗುವುದರಿಂದ ಓರೆ ಹಾಗೆಯೇ ಉಳಿಯುತ್ತದೆ. ವೈ ಅಕ್ಷದ ಮಿತಿಯನ್ನು ಮಾತ್ರ ಮೈನಸ್ 10,000ದಿಂದ 10,000ದವರೆಗೆ ಮಾಡಿ ನೋಡಿ: ರೇಖೆ ಮತ್ತೆ ವಾಲಿಕೊಂಡಿರುತ್ತದೆ.

ಯಾವ ಸಂಖ್ಯೆ ಕೊಟ್ಟರೂ ಇದೇ ಕಥೆ. ಎಂ ಎಂಬುದು ರೇಖೆಯ ಇಳಿಜಾರು; ಇಳಿಜಾರೆಂದರೆ ಏರಿದ್ದನ್ನು ಪಕ್ಕಕ್ಕೆ ಸರಿದದ್ದರಿಂದ ಭಾಗಿಸಿದ್ದು. ಲಂಬರೇಖೆ ಪಕ್ಕಕ್ಕೆ ಸರಿಯುವುದೇ ಇಲ್ಲ, ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಪಠ್ಯಪುಸ್ತಕ ಒಂದೇ ಸಾಲಿನಲ್ಲಿ ಹೇಳಿ ಮುಗಿಸುವ ಈ ಮಾತಿಗೆ ಮಕ್ಕಳು ಈಗ ತಾವೇ ಬಂದು ಡಿಕ್ಕಿ ಹೊಡೆದಿರುತ್ತಾರೆ. ಆಮೇಲೆ ‘ಎಎಕ್ಸ್ + ಬಿವೈ = ಸಿ’ ಕೊಟ್ಟು ಬಿಯನ್ನು ಸೊನ್ನೆ ಮಾಡಿಸಿ. ಎಗೆ ಸೊನ್ನೆಯಲ್ಲದ ಯಾವ ಬೆಲೆ ಇದ್ದರೂ ಸಾಕು, ರೇಖೆ ನಿಜವಾಗಿಯೂ ಲಂಬವಾಗುತ್ತದೆ. ಸಮೀಕರಣಕ್ಕೆ ಇನ್ನೊಂದು ರೂಪ ಯಾಕೆ ಬೇಕು ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿತು.

ಗಣಿತ ಕಲಿಕೆಯ ಇಂಥ ಉಚಿತ ತಾಣಗಳಲ್ಲಿ ಎರಡು ಜಾತಿ ಎಂಬುದು ನನ್ನ ಲೆಕ್ಕ. ಒಂದು, ಉತ್ತರ ಕೇಳಿ ಅಂಕ ಕೊಡುವಂಥದ್ದು. ಮಗ್ಗಿ ಚುರುಕಾಗಲು ಅದೂ ಬೇಕು; ಆದರೆ ನಾಲ್ಕು ಆಯ್ಕೆಗಳಿದ್ದಲ್ಲಿ ಒಂದಾದ ಮೇಲೊಂದು ಒತ್ತುತ್ತಾ ಹೋದರೆ ಲೆಕ್ಕ ಮಾಡದೆಯೂ ಪಾರಾಗಬಹುದು, ಇದನ್ನು ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಇನ್ನೊಂದು, ಕೈಗೆ ವಸ್ತು ಕೊಟ್ಟು ಸುಮ್ಮನಿರುವಂಥದ್ದು. ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ, ಆಕೃತಿಗಳನ್ನು ಎಳೆದಾಡಿ ನೋಡುವ ಗಣಿತ ತಂತ್ರಾಂಶ ಜಿಯೋಜಿಬ್ರಾ, ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಸ್ಥಾಪಿಸಿದ, ವಿಜ್ಞಾನ ಮತ್ತು ಗಣಿತದ ಆಟವಾಡಿಸಬಹುದಾದ ಮಾದರಿಗಳ ತಾಣ ಫೆಟ್ ಈ ಎರಡನೆಯ ಜಾತಿಯವು.

ಜಿಯೋಜಿಬ್ರಾದಲ್ಲಿ ತ್ರಿಭುಜದ ಮೂರು ಮಧ್ಯರೇಖೆಗಳನ್ನು (ಶೃಂಗದಿಂದ ಎದುರು ಬಾಹುವಿನ ನಡುಬಿಂದುವಿಗೆ ಹೋಗುವ ಗೆರೆಗಳನ್ನು) ಎಳೆದು ಯಾವುದೇ ಶೃಂಗವನ್ನು ಹಿಡಿದು ಎಳೆದಾಡಿ, ಅವು ಒಂದೇ ಬಿಂದುವಿನಲ್ಲಿ ಸೇರುವುದನ್ನು ಬಿಡುವುದಿಲ್ಲ. ಇದು ಗಣಿತದ ಸಾಧನೆಯಲ್ಲ, ಅಂದರೆ ತರ್ಕದ ಪುರಾವೆಯಲ್ಲ, ಸಾಧಿಸಬೇಕೆಂಬ ಹಂಬಲ ಹುಟ್ಟಿಸುವ ದೃಶ್ಯ ಅಷ್ಟೆ. ಸಾವಿರ ತ್ರಿಭುಜ ನೋಡಿದರೂ ಸಾಧನೆಯನ್ನು ಕಾಗದದ ಮೇಲೆಯೇ ಬರೆಯಬೇಕು. ಕಾಗದ ಮೊದಲಿಗೂ ಬೇಕು: ಸ್ಲೈಡರ್ ಮುಟ್ಟುವ ಮುನ್ನ ಏನಾಗುತ್ತದೆಂಬ ಊಹೆಯನ್ನು ಬರೆಸದಿದ್ದರೆ ಬೆರಳು ಓಡುತ್ತದೆ, ತಲೆ ಓಡುವುದಿಲ್ಲ. ಪರದೆಯೊಂದಕ್ಕೆ ಇಬ್ಬರನ್ನು ಕೂರಿಸಿದರೆ ಆ ಊಹೆಗಳು ಜಗಳವಾಡುತ್ತವೆ, ಅದು ಒಳ್ಳೆಯದೇ. ಇಂಟರ್ನೆಟ್ ಕೈಕೊಡುವ ಕಡೆ ಫೆಟ್‌ನ ಹೊಸ ಮಾದರಿಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು. ಸಂಪರ್ಕವಿಲ್ಲದಿದ್ದರೂ ಬ್ರೌಸರ್‌ನಲ್ಲಿ ಅವು ತೆರೆದುಕೊಳ್ಳುತ್ತವೆ.